ಮೌನಪ್ಪ ಕತ್ತರಿಸಿದ ಕಾಯಿಲು

ಪೇಪರಿನವರು ಶಾರ್ಟ್ ಸರ್ಕ್ಯೂಟ್ ಎಂದು ಬರೆದರು. ಹನ್ನೆರಡು ವರ್ಷವಾಯಿತು, ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಎಲ್ಲಿ ಏನು ಸುಟ್ಟರೂ ಇವರಿಗೆ ಅದೊಂದೇ ಮಾತು. ಗೋದಾಮು ಸುಟ್ಟರೂ ಶಾರ್ಟ್ ಸರ್ಕ್ಯೂಟ್, ಗುಡಿಸಲು ಸುಟ್ಟರೂ ಶಾರ್ಟ್ ಸರ್ಕ್ಯೂಟ್. ಎರಡು ತಂತಿ ಒಂದಕ್ಕೊಂದು ತಾಗಿದರೆ ಅದು ಶಾರ್ಟು. ಉಪ್ಪಲ್‌ನ ನಮ್ಮ ಕ್ಯಾಂಪಿನಲ್ಲಿ ಯಾವ ತಂತಿಯೂ ಯಾವುದಕ್ಕೂ ತಾಗಿರಲಿಲ್ಲ. ಅಲ್ಲಿದ್ದದ್ದು ಒಂದು ಭಾಗಾಕಾರ, ಒಂದು ಗುಣಾಕಾರ. ಆ ಲೆಕ್ಕವನ್ನು ಬೆಂಕಿ ಹತ್ತುವ ಮೊದಲೇ ಮಾಡಿಟ್ಟವನು ಒಬ್ಬನಿದ್ದ. ಅವನ ಹೆಸರೂ ಪೇಪರಿನಲ್ಲಿ ಬಂತು, ತಪ್ಪು ಮಾಡಿದವನ ಹೆಸರಾಗಿ ಬಂತು. ಅವನು ಎಂಥವನು ಎಂಬುದನ್ನು ಯಾರೂ ಬರೆಯಲಿಲ್ಲ. ನಾನು ಓದಿದ್ದು ಆರನೆಯ ಇಯತ್ತೆ. ಆದರೂ ಬರೆಯುತ್ತೇನೆ.

ಮೌನಪ್ಪ ಶಹಾಪುರದ ಕಡೆಯವನು. ಅಪ್ಪ ಕಲ್ಲು ಒಡೆಯುತ್ತಿದ್ದ. ಮಗನೂ ಅದನ್ನೇ ಹಿಡಿಯುವವನಿದ್ದ. ಅವನ ಶಾಲೆಯಲ್ಲಿ ಮಾಸ್ತರರೊಬ್ಬರು ಮಗ್ಗಿಯ ಹುಚ್ಚಿನವರು. ಮೂವತ್ತರ ತನಕ ಮಗ್ಗಿ, ಅದರ ಮೇಲೆ ಕಾಲು, ಅರೆ, ಮುಕ್ಕಾಲಿನ ಮಗ್ಗಿ, ಎಲ್ಲವನ್ನೂ ದಿನಾ ಮುಂಜಾನೆ ಕೂಗಿಸುತ್ತಿದ್ದರಂತೆ. ಏಳನೆಯದು ಮುಗಿಸಿ ಅವನು ಶಾಲೆ ಬಿಟ್ಟ. ಮಗ್ಗಿ ತಲೆಯಲ್ಲಿ ಉಳಿಯಿತು.

ತೊಂಬತ್ತಾರರಲ್ಲಿ ಹೆಂಡತಿ ಸುಗಲಮ್ಮನನ್ನು ಕರೆದುಕೊಂಡು ಹೈದರಾಬಾದಿಗೆ ಬಂದ. ಆಗ ಕಂಪ್ಯೂಟರ್ ಕಂಪನಿಗಳು ಬರುತ್ತವೆಂದು ಊರಿನ ಸುತ್ತ ನೆಲ ಅಗೆಯುವುದೇ ಅಗೆಯುವುದು. ನಾನು ವೈರಿಂಗ್ ಮೇಸ್ತ್ರಿ, ಪರ್ಮಿಟ್ ಇದ್ದವನು. ಅವನು ಕೇಬಲ್ಲಿಗೆ ಕಾಲುವೆ ತೋಡುವ ಗುಂಪಿನಲ್ಲಿದ್ದ. ಒಂದು ದಿನ ಕೇಬಲ್ ಸಾಲದೆ ಹೋಯಿತೆಂದು ನಾನು ಸ್ಟೋರಿನವನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಕಾಲುವೆಯೊಳಗೆ ಸಲಿಕೆ ಹಿಡಿದು ನಿಂತಿದ್ದ ಈ ಉದ್ದನೆಯ ಮನುಷ್ಯ, ಹದಿನೇಳೂವರೆ ಮೀಟರ್ ಕಡಿಮೆ ಬೀಳುತ್ತದೆ ಎಂದ. ಕೇಳಿದವರು ಯಾರು ನಿನ್ನನ್ನು ಎಂದು ಅವನಿಗೂ ಬೈದೆ. ಆಮೇಲೆ ಟೇಪು ಹಿಡಿದು ನೋಡಿದರೆ ಹದಿನೇಳೂವರೆಯೇ. ಮರುದಿನದಿಂದ ಅವನನ್ನು ಕಾಲುವೆಯಿಂದ ಎತ್ತಿ ನನ್ನ ಜೊತೆ ಹಾಕಿಕೊಂಡೆ.

ಕೆಲಸ ಬೇಗ ಕಲಿತ. ಆದರೆ ನಾವು ಕಲಿತ ಹಾಗೆ ಅಲ್ಲ. ನಾವು ಕೈಯಿಂದ ಕಲಿತವರು. ಇಷ್ಟು ಲೈಟಿಗೆ ಇಷ್ಟು ದಪ್ಪ ತಂತಿ, ಯಾಕೆ ಎಂದು ಕೇಳುವಂತಿಲ್ಲ. ಅವನಿಗೆ ಯಾಕೆ ಎಂಬುದು ಬೇಕು. ಭಾನುವಾರ ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಹರವುತ್ತಾರಲ್ಲ, ಅಲ್ಲಿಂದ ಐಟಿಐ ಹುಡುಗರ ಪುಸ್ತಕ ಒಂದನ್ನು ತಂದ. ತೆಲುಗಿನದು. ಅಕ್ಷರ ನಮ್ಮದರ ಹಾಗೆಯೇ ಇರುವುದರಿಂದ ಒಂದೊಂದೇ ಕೂಡಿಸಿ ಓದುತ್ತಿದ್ದ, ಅರ್ಥವಾಗದ ಮಾತನ್ನು ತೆಲುಗಿನವರ ಹತ್ತಿರ ಕೇಳುತ್ತಿದ್ದ. ಗುಜರಿಯಲ್ಲಿ ಇಕ್ಕಳದ ಹಾಗೆ ಬಾಯಿ ತೆರೆಯುವ ಮೀಟರೊಂದು ಸಿಕ್ಕಿತು. ತಂತಿಯ ಸುತ್ತ ಅದರ ಬಾಯಿ ಮುಚ್ಚಿದರೆ ಎಷ್ಟು ಆಂಪಿಯರ್ ಹರಿಯುತ್ತಿದೆ ಎಂದು ತೋರಿಸುತ್ತದೆ. ಎರಡು ಕಡ್ಡಿ ಚುಚ್ಚಿದರೆ ವೋಲ್ಟೂ ತೋರಿಸುತ್ತದೆ. ಅದನ್ನು ಸರಿಮಾಡಿಕೊಂಡು ಸೊಂಟಕ್ಕೆ ಕಟ್ಟಿಕೊಂಡ.

ಆಮೇಲೆ ಅವನಿಗೆ ಅದೇ ಗೀಳು. ಮಿಕ್ಸರ್ ಮೋಟರು, ಇಸ್ತ್ರಿ ಪೆಟ್ಟಿಗೆ, ಚಹಾದಂಗಡಿಯ ಹೀಟರು, ಯಾವುದನ್ನೂ ಬಿಡಲಿಲ್ಲ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಆ ಸಾಮಾನಿನ ತಡೆ ಎಷ್ಟು ಓಮ್ ಎಂದು ಗೊತ್ತಾಗುತ್ತದೆ. ಅವೆರಡನ್ನೂ ಗುಣಿಸಿದರೆ ಅದು ಎಷ್ಟು ವ್ಯಾಟ್ ಎಳೆಯುತ್ತದೆ ಎಂದು ಗೊತ್ತಾಗುತ್ತದೆ. ಮೋಟರಿಗೆ ಈ ಲೆಕ್ಕ ಪೂರಾ ಹೊಂದುವುದಿಲ್ಲ, ಕಾಯಿಸುವ ಸಾಮಾನಿಗೆ ಹೊಂದುತ್ತದೆ ಎನ್ನುವುದನ್ನೂ ಅವನೇ ಕಂಡುಕೊಂಡ. ನನಗೆ ಅವನು ಹೇಳಿದ್ದು ಬಸ್ಸಿನ ಲೆಕ್ಕದಲ್ಲಿ. ಬಸ್ಸಿನೊಳಗೆ ಹಿಂದಿನವರು ನೂಕುವ ಜೋರು ವೋಲ್ಟು. ಬಾಗಿಲಿನಿಂದ ಇಳಿಯುವ ಮಂದಿ ಆಂಪಿಯರು. ಬಾಗಿಲು ಎಷ್ಟು ಇಕ್ಕಟ್ಟೋ ಅಷ್ಟು ಓಮ್. ಬಾಗಿಲು ಅಗಲ ಮಾಡಿದರೆ ಅಷ್ಟೇ ನೂಕಿಗೆ ಹೆಚ್ಚು ಮಂದಿ ಇಳಿಯುತ್ತಾರೆ.

ಎರಡು ಸಾವಿರದ ಐದರಲ್ಲಿ ನಾವು ಉಪ್ಪಲ್‌ನಲ್ಲಿ ಒಂದು ಐಟಿ ಪಾರ್ಕಿನ ಕೆಲಸಕ್ಕೆ ಹೋದೆವು. ಕೂಲಿಯವರಿಗೆ ಹಿಂಭಾಗದಲ್ಲಿ ತಗಡಿನ ಶೆಡ್ಡುಗಳು, ಎರಡು ಸಾಲು. ಒಂದು ಸಾಲಿನಲ್ಲಿ ಶ್ರೀಕಾಕುಳಂನವರು. ಇನ್ನೊಂದರಲ್ಲಿ ನಮ್ಮವರು, ಶಹಾಪುರ, ಸುರಪುರ, ದೇವದುರ್ಗದ ಕಡೆಯವರು, ಹದಿನಾಲ್ಕು ಶೆಡ್. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಕಟ್ಟಿಗೆ ಹಚ್ಚಲು ಬಿಡುತ್ತಿರಲಿಲ್ಲ. ಕರೆಂಟಿನ ಬಿಲ್ಲು ಗುತ್ತಿಗೆದಾರನದು. ಹಾಗಾಗಿ ಎಲ್ಲರದೂ ಕಾಯಿಲಿನ ಒಲೆ. ಮಣ್ಣಿನ ಬಿಲ್ಲೆಯ ಗೀರಿನಲ್ಲಿ ಸುರುಳಿ ತಂತಿ ಇರುತ್ತದಲ್ಲ, ಅದು. ಕರೆಂಟು ಬರುತ್ತಿದ್ದದ್ದು ಮುಂದಿನ ಗೇಟಿನಿಂದ, ಅರ್ಧ ಮೈಲಿ ದೂರದಿಂದ. ನಮ್ಮ ಸಾಲಿಗೆ ಮುಟ್ಟುವಷ್ಟರಲ್ಲಿ ಅದರ ಜೀವ ಹೋಗಿರುತ್ತಿತ್ತು. ಸಂಜೆ ಬಲ್ಬುಗಳು ಕಿತ್ತಳೆ ಸಿಪ್ಪೆಯ ಬಣ್ಣಕ್ಕೆ ಇಳಿಯುತ್ತಿದ್ದವು.

ಶ್ರೀಕಾಕುಳಂನವರಿಗೆ ಅಷ್ಟು ತೊಂದರೆಯಿಲ್ಲ. ಅವರದು ಅನ್ನ. ಒಲೆ ನಿಧಾನವಾದರೆ ಅನ್ನವೂ ನಿಧಾನ, ಅಷ್ಟೇ. ಜೋಳದ ರೊಟ್ಟಿ ಹಾಗಲ್ಲ. ಹಂಚು ಕೆಂಡದಂತೆ ಕಾದಿರಬೇಕು. ರೊಟ್ಟಿ ಹಾಕಿ, ನೀರು ಸವರಿ, ತಿರುವಿದ ಕೂಡಲೇ ಉಬ್ಬಬೇಕು. ಆರಿದ ಹಂಚಿನ ಮೇಲೆ ಅದು ಸುಡುವುದಿಲ್ಲ, ಒಣಗುತ್ತದೆ.

ಆ ಸಾಲಿನಲ್ಲಿ ಬಂಡೆಮ್ಮ ಎಂಬ ಮುದುಕಿ ಇದ್ದಳು. ಕಾಲು ಎಳೆದು ನಡೆಯುವವಳು. ತಾಯಂದಿರು ಸ್ಲ್ಯಾಬಿನ ಕೆಲಸಕ್ಕೆ ಹೋದಾಗ ಸಾಲಿನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಒಂದು ಸಂಜೆ ಅವಳು ಮೌನಪ್ಪನ ಮುಂದೆ ರೊಟ್ಟಿಯೊಂದನ್ನು ಎಸೆದಳು.

“ತೊಗೊಪ್ಪ, ನಿನ್ನ ಚಪ್ಪಲಿಗೆ ಅಟ್ಟಿ ಹಚ್ಕೊ. ಹಲ್ಲಿದ್ದವ್ರು ತಿನ್ನೂದಿಲ್ಲ, ನಾ ಏನು ತಿನ್ಲಿ?”

ಮೌನಪ್ಪ ಮೀಟರು ತೆಗೆದು ಅವಳ ಒಲೆಗೆ ಹಿಡಿದ. ನೂರ ಎಪ್ಪತ್ತು ವೋಲ್ಟು, ಮೂರು ಪಾಯಿಂಟ್ ಎರಡು ಆಂಪಿಯರು. ಭಾಗಿಸಿದರೆ ಐವತ್ತಮೂರು ಓಮ್. ಗುಣಿಸಿದರೆ ಐನೂರ ನಲವತ್ತನಾಲ್ಕು ವ್ಯಾಟು.

“ಸಾವಿರ ವ್ಯಾಟಿನ ಒಲಿ ಇದು, ಆಯಿ. ನಿನಗ ಸಿಗಾಕತ್ತಿದ್ದು ಅರ್ಧ.”

“ಉಳಿದರ್ಧ ಯಾರು ತಿಂದ್ರು? ನಿನ್ನ ಮೇಸ್ತ್ರಿ ಏನು?” ಎಂದು ನನ್ನ ಕಡೆ ನೋಡಿದಳು.

ಮೌನಪ್ಪ ನಕ್ಕ. ಅವಳ ಕಾಯಿಲನ್ನು ತೆಗೆದು ಕತ್ತರಿಸಿದ. ಸುರುಳಿ ಗಿಡ್ಡವಾದರೆ ತಡೆ ಕಡಿಮೆ, ತಡೆ ಕಡಿಮೆಯಾದರೆ ಆಂಪಿಯರು ಹೆಚ್ಚು. ಬಾಗಿಲು ಅಗಲ ಮಾಡಿದ ಹಾಗೆ. ಎಷ್ಟು ಕತ್ತರಿಸಬೇಕು ಎನ್ನುವುದು ಅಂದಾಜಲ್ಲ. ಸುತ್ತು ಎಣಿಸಿ, ಭಾಗಿಸಿ ಕತ್ತರಿಸಿದ. ಉಳಿದದ್ದನ್ನು ಹಿಗ್ಗಿಸಿ ಗೀರಿನಲ್ಲಿ ಕೂರಿಸಿದ. ಆ ಸಂಜೆ ಬಂಡೆಮ್ಮನ ರೊಟ್ಟಿ ಉಬ್ಬಿತು.

ಮರುದಿನ ಇಡೀ ಸಾಲು ಅವನ ಬೆನ್ನು ಹತ್ತಿತು. ಎಲ್ಲರ ಕಾಯಿಲೂ ಗಿಡ್ಡವಾಯಿತು. ಎಲ್ಲರೂ ಹೆಚ್ಚು ಎಳೆದರೆ ತಂತಿಯಲ್ಲಿ ವೋಲ್ಟು ಇನ್ನೂ ಇಳಿಯುತ್ತದೆ; ಇಳಿಯಿತು. ಮತ್ತೆ ಅಳೆದ, ಮತ್ತೆ ತುಸು ಕತ್ತರಿಸಿದ. ಕೊನೆಗೆ ಎಲ್ಲ ಒಲೆಯೂ ಒಂದು ಲೆಕ್ಕಕ್ಕೆ ಬಂದು ನಿಂತಿತು: ನೂರೈವತ್ತು ವೋಲ್ಟು, ಆರು ಆಂಪಿಯರು, ಇಪ್ಪತ್ತೈದು ಓಮ್, ಒಂಬೈನೂರು ವ್ಯಾಟು. ಈ ನಾಲ್ಕು ಅಂಕಿಗಳನ್ನು ಪ್ರತಿ ಶೆಡ್ಡಿನ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಕರೆಂಟ್ ಬದಲಾದರೆ ಕಾಯಿಲೂ ಬದಲಾಗಬೇಕು, ಮರೆಯಬಾರದು ಎಂದು ಬರೆದದ್ದು. ಹೆಂಗಸರು ಅದನ್ನು ಮಂತ್ರವೇನೋ ಎಂಬಂತೆ ಅಳಿಸದೆ ಬಿಟ್ಟರು.

ಹದಿನಾಲ್ಕು ಒಲೆ, ಆರಾರು ಆಂಪಿಯರು, ಎಂಬತ್ತನಾಲ್ಕು. ಸಾಲಿನ ಉದ್ದಕ್ಕೂ ನಾನು ಎಳೆದಿದ್ದ ತಂತಿ ಎಪ್ಪತ್ತು ತಡೆಯುವಂಥದ್ದು. ಬೆಚ್ಚಗಾಗುತ್ತಿತ್ತು, ಆದರೆ ನಡೆಯುತ್ತಿತ್ತು. ಸಾಲಿನ ತುದಿಯ ಕಂಬದಲ್ಲಿದ್ದ ಫ್ಯೂಸು ಮಾತ್ರ ದಿನಾ ಸಂಜೆ ಹಾರುತ್ತಿತ್ತು. ಒಂದು ದಿನ ಬೇಸತ್ತು, ಇನ್ನು ಹಾರದ ಹಾಗೆ ಅದಕ್ಕೆ ಮೂರೆಳೆ ತಾಮ್ರ ಸುತ್ತಿದೆ. ಮೌನಪ್ಪ ಬೇಡವೆಂದ. ಹಾಗಾದರೆ ದಿನಾ ನೀನೇ ಕಂಬದ ಹತ್ತಿರ ಕಾಯ್ದುಕೊಂಡು ಕೂತಿರು ಎಂದೆ. ಆ ಫ್ಯೂಸು ನನ್ನ ಕೈಯದು. ವಿಚಾರಣೆಯ ಕಾಗದದಲ್ಲಿ ಅದೂ ಇಲ್ಲ.

ಆರು ತಿಂಗಳು ನಾನು ಸೈಟಿನ ಎಲೆಕ್ಟ್ರಿಕಲ್ ಮ್ಯಾನೇಜರ್ ಪದ್ಮನಾಭನ ಹತ್ತಿರ ಜಗಳವಾಡಿದೆ, ಕ್ಯಾಂಪಿಗೆ ಬೇರೆ ಟ್ರಾನ್ಸ್‌ಫಾರ್ಮರ್ ಹಾಕಿಸಿ ಎಂದು. ನಮ್ಮ ಕಡೆ ಟಿಸಿ ಎನ್ನುತ್ತೇವೆ. ಕಡೆಗೂ ಫೆಬ್ರವರಿಯಲ್ಲಿ ಟಿಸಿ ಬಂತು. ನಮ್ಮ ಸಾಲಿನ ಬೆನ್ನಿಗೇ ಕಟ್ಟೆ ಕಟ್ಟಿ ಕೂರಿಸಿದರು. ಒಂದು ಗುರುವಾರ ಮಧ್ಯಾಹ್ನ ಜೋಡಣೆ ಮುಗಿಯಿತು. ಕ್ಯಾಂಪಿನ ಕಡೆಯ ಸ್ವಿಚ್ಚು ಹಾಕುವುದೊಂದೇ ಬಾಕಿ, ಅದು ನನ್ನ ಕೆಲಸ. ಮೌನಪ್ಪ ಕಟ್ಟೆಯ ಸಿಮೆಂಟಿನ ಮೇಲೆ ಪೆನ್ಸಿಲಿನಿಂದ ಏನೋ ಬರೆಯುತ್ತ ಕೂತಿದ್ದ. ಅಲ್ಲಿ ನಾವಿಬ್ಬರೇ ಇದ್ದೆವು.

“ಹುಲಗೇಶಣ್ಣ, ಇವತ್ತು ಸ್ವಿಚ್ ಹಾಕಬ್ಯಾಡ್ರಿ.”

ಯಾಕೆಂದು ಕೇಳಿದೆ. ಅವನು ತೋರಿಸಿದ. ಇಲ್ಲಿಂದ ಇನ್ನೂರ ಮೂವತ್ತು ವೋಲ್ಟು ಬರುತ್ತದೆ. ನಮ್ಮ ಒಲೆಗಳು ಇಪ್ಪತ್ತೈದು ಓಮ್. ಭಾಗಿಸಿದರೆ ಒಂಬತ್ತು ಪಾಯಿಂಟ್ ಎರಡು ಆಂಪಿಯರು. ಗುಣಿಸಿದರೆ ಎರಡು ಸಾವಿರದ ನೂರ ಹದಿನಾರು ವ್ಯಾಟು. ಒಂಬೈನೂರಿದ್ದದ್ದು. ಹದಿನಾಲ್ಕು ಒಲೆ ಒಮ್ಮೆಗೇ ಹತ್ತಿದರೆ ನೂರ ಇಪ್ಪತ್ತೊಂಬತ್ತು ಆಂಪಿಯರು.

“ತಂತಿ ಎಪ್ಪತ್ತರದು. ಫ್ಯೂಸ್ ಹಾರೂದಿಲ್ಲ, ನೀವು ತಾಮ್ರ ಸುತ್ತೀರಿ. ನಾ ಈಗ ಅಬಿಡ್ಸ್‌ಗೆ ಹೋಗಿ ಹದಿನಾಲ್ಕು ಹೊಸಾ ಕಾಯಿಲ್ ತರ್ತೀನಿ. ಮುಂಜಾನೆ ಎಲ್ಲಾ ಬದಲಿ ಮಾಡ್ತೀನಿ. ಒಂದ ದಿನ ತಡೀರಿ.”

“ಆತು ಹೋಗು,” ಎಂದೆ.

“ಖರೇ?”

“ಆತು ಅಂದ್ನೆಲ್ಲಲೇ. ಎಷ್ಟು ಸಲ ಹೇಳ್ಬೇಕು ನಿನಗ?”

ಅವನು ಅಲ್ಲಿಂದಲೇ ಬಸ್ಸಿಗೆ ಹೋದ. ಸುಗಲಮ್ಮ ಸ್ಲ್ಯಾಬಿನ ಮೇಲಿದ್ದಳು, ಅವಳಿಗೂ ಹೇಳಲಿಲ್ಲ. ಹೇಳುವ ಜರೂರು ಅವನಿಗೆ ಕಾಣಲಿಲ್ಲ. ನಾನು ಮಾತು ಕೊಟ್ಟಿದ್ದೆನಲ್ಲ.

ನಾಲ್ಕು ಗಂಟೆಗೆ ಪದ್ಮನಾಭ ಬಂದ. ಇನ್ನೂ ಯಾಕೆ ಚಾಲೂ ಮಾಡಿಲ್ಲ ಎಂದು ಹಿಂದಿಯಲ್ಲಿ ಕೇಳಿದ. ನಾಳೆ ಮಾಡೋಣ ಸಾರ್ ಎಂದೆ. ಕಾರಣ ಕೇಳಿದ. ಒಲೆಗಳಿಂದ ಲೋಡು ಹೆಚ್ಚಾಗುತ್ತದೆ ಎಂದೆ. ಒಲೆ ನಿನ್ನೆ ಎಷ್ಟಿದ್ದವೋ ಇವತ್ತೂ ಅಷ್ಟೇ ಇವೆ, ಲೋಡು ಎಲ್ಲಿಂದ ಹೆಚ್ಚಾಗುತ್ತದೆ ಎಂದ. ಮೌನಪ್ಪನ ಬಾಯಲ್ಲಿ ಅಷ್ಟು ನೆಟ್ಟಗಿದ್ದ ಲೆಕ್ಕ ನನ್ನ ಬಾಯಲ್ಲಿ ನಿಲ್ಲಲಿಲ್ಲ. ಯಾವುದನ್ನು ಭಾಗಿಸುವುದು, ಯಾವುದನ್ನು ಗುಣಿಸುವುದು ಎಂಬಲ್ಲೇ ತಡವರಿಸಿದೆ. ಅವನ ಹಿಂದೆ ನಿಂತಿದ್ದ ಇಬ್ಬರು ಹೊಸ ಇಂಜಿನಿಯರ್ ಹುಡುಗಿಯರು ನಕ್ಕರು. ಆರು ತಿಂಗಳು ವೋಲ್ಟೇಜ್ ವೋಲ್ಟೇಜ್ ಎಂದು ತಲೆ ತಿಂದೆ, ಈಗ ಬಂದಿರುವಾಗ ಹಾಕಲು ಹೆದರುತ್ತೀಯಾ, ಪರ್ಮಿಟ್ ಎಲ್ಲಿ ಕೊಂಡುಕೊಂಡೆ ಎಂದು ಅವನು ಕೇಳಿದ. ಅಷ್ಟರಲ್ಲಿ ಶೆಡ್ಡಿನ ಬಾಗಿಲಿನಿಂದ ಬಂಡೆಮ್ಮ ಕೂಗಿದಳು:

“ಏನಪಾ ಹುಲಗೇಶ, ಟಿಸಿ ಕುಂಕುಮ ಹಚ್ಚಿ ಪೂಜಾ ಮಾಡಾಕ ತರಿಸೀ ಏನು?”

ನನಗೆ ಸಿಟ್ಟು ಬಂತು. ಪದ್ಮನಾಭನ ಮೇಲೆ, ಆ ಹುಡುಗಿಯರ ಮೇಲೆ, ನನ್ನ ಬಾಯಿಗೆ ನಿಲ್ಲದ ಲೆಕ್ಕವನ್ನು ನನ್ನ ತಲೆಗೆ ಕಟ್ಟಿ ಹೋದ ಮೌನಪ್ಪನ ಮೇಲೆ. ಹೋಗಿ ಸ್ವಿಚ್ಚು ಹಾಕಿದೆ.

ಒಂದು ಸಂಜೆಗೆ ಏನಾಗುತ್ತದೆ ಎಂದುಕೊಂಡೆ. ಒಲೆ ಹಚ್ಚಬೇಡಿ ಎಂದು ಸಾಲಿನವರಿಗೆ ಹೇಳಬೇಕು ಎಂದೂ ಅನ್ನಿಸಿತು. ಹೇಳಿದರೆ ಪದ್ಮನಾಭನ ಮುಂದೆ ಮತ್ತೆ ಆ ಲೆಕ್ಕ ಒಪ್ಪಿಸಬೇಕಾಗುತ್ತಿತ್ತು. ಹೇಳಲಿಲ್ಲ. ಬಿಲ್ಡಿಂಗಿನ ಏಳನೆಯ ಮಹಡಿಗೆ ಬೇರೆ ಕೆಲಸಕ್ಕೆ ಹೋದೆ.

ಆರು ಗಂಟೆಗೆ ಹೆಂಗಸರು ಕೆಲಸ ಮುಗಿಸಿ ಬಂದು ಒಲೆಯ ಮೇಲೆ ಹಂಚು ಇಟ್ಟರು. ಹದಿನಾಲ್ಕೂ ಒಲೆ ಒಂದೇ ಹೊತ್ತಿಗೆ. ಕಾಯಿಲುಗಳು ಕೆಂಪಗಲ್ಲ, ಬಿಳಿಯಾಗಿ ಉರಿದವಂತೆ. ರೊಟ್ಟಿ ಹಾಕುವುದೇ ತಡ ಏಳುತ್ತಿತ್ತಂತೆ. ಊರಲ್ಲಿ ಕಟ್ಟಿಗೆ ಒಲೆಯ ಮೇಲೆ ಮಾಡಿದ ಹಾಗಿದೆ ಎಂದು ಬಂಡೆಮ್ಮ ಪಕ್ಕದ ಶೆಡ್ಡಿಗೆ ಎರಡು ಬಿಸಿ ರೊಟ್ಟಿ ಕಳಿಸಿದಳಂತೆ. ಇದನ್ನೆಲ್ಲ ಸುಗಲಮ್ಮ ಆಮೇಲೆ ಹೇಳಿದಳು.

ತಂತಿ ಶೆಡ್ಡುಗಳ ಸೂರಿನೊಳಗೆ ಬೊಂಬಿಗೆ ಕಟ್ಟಿಕೊಂಡು ಹೋಗಿತ್ತು. ತಗಡಿನ ಬಿಸಿ ತಡೆಯಲೆಂದು ಎಲ್ಲರೂ ಅದರ ಕೆಳಗೆ ಸಿಮೆಂಟಿನ ಚೀಲ, ತಾಡಪತ್ರಿ ಹೊದಿಸಿದ್ದರು. ಆಂಪಿಯರು ಒಂದೂವರೆ ಪಟ್ಟಾದರೆ ತಂತಿಯ ಬಿಸಿ ಎರಡೂಕಾಲು ಪಟ್ಟಾಗುತ್ತದೆ. ಇದು ಆಮೇಲೆ ನಾನು ಮೌನಪ್ಪನ ಪುಸ್ತಕದಿಂದಲೇ ಕಲಿತ ಲೆಕ್ಕ. ಇಪ್ಪತ್ತು ನಿಮಿಷದಲ್ಲಿ ತಂತಿಯ ಮೇಲಿನ ರಬ್ಬರು ಕರಗಿ ತೊಟ್ಟಿಕ್ಕಿತು. ಚೀಲ ಹತ್ತಿಕೊಂಡಿತು.

ಮೌನಪ್ಪ ಆಗ ಬಸ್ಸಿನಿಂದ ಇಳಿಯುತ್ತಿದ್ದ. ರಸ್ತೆಯಿಂದಲೇ ಅವನಿಗೆ ಕ್ಯಾಂಪಿನ ಬಲ್ಬುಗಳು ಕಂಡವು. ಅವು ಕಿತ್ತಳೆ ಬಣ್ಣಕ್ಕಿರಲಿಲ್ಲ, ಬೆಳ್ಳಗಿದ್ದವು. ಓಡಿದ. ನಾನು ಮಹಡಿಯಿಂದ ಹೊಗೆ ನೋಡಿ ಇಳಿದು ಬರುವಷ್ಟರಲ್ಲಿ ಅವನು ಕಂಬದ ಹತ್ತಿರವಿದ್ದ. ಫ್ಯೂಸಿನ ಹಿಡಿಕೆ ಕಾದು ಕರಗುತ್ತಿತ್ತು. ಅದನ್ನು ಬರಿಗೈಯಲ್ಲಿ ಎರಡು ಸಲ ಎಳೆದ, ಮೂರನೆಯ ಸಲಕ್ಕೆ ಕಿತ್ತು ಬಂತು. ಅಂಗೈಯ ಚರ್ಮ ಹಿಡಿಕೆಗೇ ಉಳಿಯಿತು.

ಕರೆಂಟು ನಿಂತಿತು, ಬೆಂಕಿ ನಿಲ್ಲಲಿಲ್ಲ. ಶ್ರೀಕಾಕುಳಂ ಸಾಲಿಗೆ ಏನೂ ಆಗಲಿಲ್ಲ. ಅವರ ಕಾಯಿಲು ಯಾರೂ ಕತ್ತರಿಸಿರಲಿಲ್ಲ. ಅವರೇ ನೀರು ತಂದರು. ನಮ್ಮ ಸಾಲಿನ ಒಂಬತ್ತು ಶೆಡ್ ಹೋದವು. ಮಕ್ಕಳೆಲ್ಲ ಹೊರಗಿದ್ದರು. ಬಂಡೆಮ್ಮ ಹಂಚಿನ ಮುಂದೆ ಕೂತಿದ್ದಳು, ಕಾಲು ಬೇಗ ಬರಲಿಲ್ಲ. ಉರಿಯುವ ತಾಡಪತ್ರಿ ಅವಳ ಮೇಲೆ ಬಿದ್ದಿತ್ತು. ಹೊರಗೆ ತಂದಾಗ ಅವಳ ಕೈಗೆ ಮೆತ್ತಿದ್ದ ಜೋಳದ ಹಿಟ್ಟು ಹಾಗೇ ಇತ್ತು.

ಮೌನಪ್ಪನನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಹಾಕಿದ್ದರು. ಮೂರನೆಯ ದಿನ ನೋಡಲು ಹೋದೆ. ಎರಡೂ ಕೈಗೆ ಬಟ್ಟೆ ಸುತ್ತಿತ್ತು. ಯಾಕೆ ಹಾಕಿದಿರಿ ಎಂದು ಕೇಳುತ್ತಾನೆ, ಬೈಯುತ್ತಾನೆ ಎಂದುಕೊಂಡು ಹೋಗಿದ್ದೆ. ಅವನು ಏನೂ ಕೇಳಲಿಲ್ಲ. ನಾನೇ ಮಾತಾಡಿದೆ. ಪರ್ಮಿಟ್ ಕಿತ್ತುಕೊಂಡರೆ ನನ್ನ ಗತಿ ಏನು, ತಂಗಿಯ ಮದುವೆ ಗೊತ್ತಾಗಿದೆ, ಪೊಲೀಸರು ಬಂದರೆ ಆ ಮನೆಯವರು ಒಲ್ಲೆ ಎನ್ನುತ್ತಾರೆ, ಹೀಗೆ ಒಂದು ತಾಸು. ನನ್ನನ್ನು ಉಳಿಸು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಇದಕ್ಕಿಂತ ಮರ್ಯಾದೆಯಿತ್ತು.

ವಿಚಾರಣೆ ಸೈಟಿನ ಆಫೀಸಿನಲ್ಲೇ ಆಯಿತು. ಬಂದಿದ್ದ ಅಧಿಕಾರಿ ವಯಸ್ಸಾದವರು, ಮೆತ್ತಗೆ ಮಾತಾಡುವವರು. ಪದ್ಮನಾಭ ಒಂದು ಬದಿ, ನಾನು ಬಾಗಿಲ ಹತ್ತಿರ. ಕಾಯಿಲು ಕತ್ತರಿಸಿದವರು ಯಾರು ಎಂದು ಕೇಳಿದರು. ಮೌನಪ್ಪ ತಾನೇ ಎಂದ. ಕಂಬದ ಹತ್ತಿರ ಸಿಕ್ಕ ಚೀಲ ತೋರಿಸಿ, ಆ ದಿನ ಈ ಹದಿನಾಲ್ಕು ಹೊಸ ಕಾಯಿಲು ತರಲು ಯಾಕೆ ಹೋಗಿದ್ದೆ ಎಂದು ಕೇಳಿದರು. ಕತ್ತರಿಸಿದವನ್ನು ಬದಲಿಸಲು ಎಂದ. ಹಾಗಾದರೆ ನಿನಗೆ ಅಪಾಯ ಗೊತ್ತಿತ್ತು ಎಂದರು. ಗೊತ್ತಿತ್ತು ಎಂದ.

“ಮೊದಲೇ ಯಾರಿಗಾದರೂ ಹೇಳಿದ್ದೆಯಾ?”

ಅವನು ನನ್ನ ಕಡೆ ನೋಡಲಿಲ್ಲ. ಬಟ್ಟೆ ಸುತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ಇಲ್ರಿ. ಯಾರಿಗೂ ಹೇಳಿಲ್ಲ.”

ಅಧಿಕಾರಿ ಬರೆದುಕೊಂಡರು. ನಾಳೆ ಮಾಡೋಣ ಎಂದು ನಾನು ಅಂದದ್ದು ಪದ್ಮನಾಭನಿಗೂ ನೆನಪಿತ್ತು, ಅವನೂ ಸುಮ್ಮನಿದ್ದ. ಸ್ವಿಚ್ಚು ಹಾಕಿದವರು ಯಾರು ಎಂದು ಯಾರೂ ಕೇಳಲಿಲ್ಲ. ಪರ್ಮಿಟ್ ಇಲ್ಲದ ಕೂಲಿಯಾಳು ಒಲೆಗಳನ್ನು ಕೆಡಿಸಿದ್ದರಿಂದ ಎಂದು ಬರೆದು ಮುಗಿಸಿದರು. ಪೇಪರಿನವರು ಅದಕ್ಕೂ ಶಾರ್ಟ್ ಸರ್ಕ್ಯೂಟ್ ಎಂದೇ ಹಾಕಿಕೊಂಡರು. ಅವನ ಮೇಲೆ ಕೇಸಾಯಿತು, ಎರಡು ವರ್ಷ ಕೋರ್ಟಿಗೆ ಅಲೆದ. ಬಂಡೆಮ್ಮನ ಮಗ ಒಮ್ಮೆ ಕೋರ್ಟಿನ ಮುಂದೆ ಎಲ್ಲರೆದುರಿಗೆ ಅವನ ಮುಖಕ್ಕೆ ಉಗುಳಿದ. ನನ್ನ ತಂಗಿಯ ಮದುವೆ ಗೊತ್ತಾದ ಮುಹೂರ್ತಕ್ಕೇ ಆಯಿತು.

ಬೆರಳುಗಳು ಮಡಚದೆ ಹೋದ್ದರಿಂದ ಅವನಿಗೆ ಸ್ಕ್ರೂಡ್ರೈವರ್ ಹಿಡಿಯಲು ಆಗಲಿಲ್ಲ. ಬೇಗಂಪೇಟೆಯಲ್ಲಿ ಒಂದು ಆಫೀಸು ಕಟ್ಟಡದ ಲಿಫ್ಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತು ಗುಂಡಿ ಒತ್ತುವ ಕೆಲಸ ಸಿಕ್ಕಿತು. ಗೆಣ್ಣಿನಿಂದ ಒತ್ತುತ್ತಿದ್ದ. ಎರಡು ಸಾವಿರದ ಹತ್ತರಲ್ಲಿ ಒಮ್ಮೆ, ಹೇಳಬೇಕಾದದ್ದನ್ನು ಹೇಳಿಬಿಡಬೇಕೆಂದು ಅಲ್ಲಿಗೆ ಹೋದೆ. ಅಧಿಕಾರಿಯ ಮುಂದೆ ಬಂದು ನಾನು ಒಪ್ಪಿಕೊಳ್ಳುತ್ತೇನೆ, ಕಾಗದ ತಿದ್ದಿಸೋಣ ಎಂದು ಹೇಳುವುದಿತ್ತು. ಲಿಫ್ಟಿನೊಳಗೆ ಹೋದೆ. ಕೊರಳಿಗೆ ಕಾರ್ಡು ಹಾಕಿಕೊಂಡ ಹುಡುಗರು ತುಂಬಿಕೊಂಡರು. ಮೇಲೆ ಹೋದೆವು, ಕೆಳಗೆ ಬಂದೆವು. ಹೀಗೆ ಮೂರು ಸಲ.

“ಯಾವ ಮಜಲಿಗೆ ಅಣ್ಣ?” ಎಂದ ಅವನು, ಮೂರನೆಯ ಸಲ, ನಾವಿಬ್ಬರೇ ಉಳಿದಾಗ.

ಯಾವುದಕ್ಕೂ ಇಲ್ಲ, ಹೀಗೇ ಈ ಕಡೆ ಬಂದಿದ್ದೆ ಎಂದೆ. ಚಹಾ ಕುಡಿದು ಹೋಗ್ರಿ ಎಂದ. ಕುಡಿದು ಬಂದೆ.

ಮರುವರ್ಷ ಅವನು ಹೋದ. ಕಾಮಾಲೆಯಾಗಿತ್ತು, ನಲವತ್ತು ತುಂಬಿರಲಿಲ್ಲ. ಮಣ್ಣು ಆದ ಮೇಲೆ ಸುಗಲಮ್ಮ ಅವನ ಮೀಟರನ್ನೂ ಪುಸ್ತಕವನ್ನೂ ನನಗೆ ಕೊಟ್ಟಳು. ಮನೆಯಲ್ಲಿ ಓದುವವರಿಲ್ಲ, ನಿಮಗಾದರೆ ಬೇಕಾಗುತ್ತದೆ ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ತುಂಬ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದಳು.

“ಅಣ್ಣಾ, ಅವ್ರಿಗೆ ಎಲ್ಲಾ ಲೆಕ್ಕ ಗೊತ್ತಿತ್ತು. ಮೊದಲ ಯಾರಿಗಾದ್ರೂ ಒಂದ ಮಾತು ಹೇಳಿದ್ರ ಆ ಮುದುಕಿ ಉಳೀತಿದ್ಲು. ಯಾಕ ಹೇಳ್ಲಿಲ್ಲ ಅವ್ರು? ನಿಮಗರ ಹೇಳಬೇಕಿತ್ತಿಲ್ಲ?”

“ಗೊತ್ತಿಲ್ಲವ್ವ,” ಎಂದೆ.

ಅವಳು ಈಗ ಶಹಾಪುರದಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಅಲ್ಲಿಗೆ ನಾನು ಇನ್ನೂ ಹೋಗಿಲ್ಲ.